ಪಟೇಲರ ಮನೆಯ ದೂರು

ಯೂರೋಪಿನಲ್ಲಿ ಎರಡನೇ ಮಹಾಯುದ್ಧ ಶುರುವಾದ ವರ್ಷ, ರಾಗಿ ಕೊಯ್ಲಿನ ದಿನಗಳಲ್ಲಿ, ಪಟೇಲ ಕೋದಂಡರಾಮಪ್ಪನ ಮನೆ ಮುಂದೆ ಒಂದು ಎತ್ತಿನ ಗಾಡಿ ಬಂದು ನಿಂತಿತು. ದೇವರಾಯಸಮುದ್ರದ ಕೆರೆಯ ಕೆಳಗಿದ್ದ ಸಣ್ಣ ಹಳ್ಳಿ ಅದು. ಗಾಡಿಯವನು ಕೆಳಗಿಳಿಯಲಿಲ್ಲ. ಒಂದು ಬಟ್ಟೆ ಗಂಟನ್ನು ಬೀದಿಗೆ ಎಸೆದ. ಹಿಂದೆಯೇ ಒಬ್ಬ ಹೆಂಗಸು ಇಳಿದಳು. ಅವಳ ಕಾಲು ನೆಲಕ್ಕೆ ತಾಗುವ ಮೊದಲೇ ಎತ್ತುಗಳನ್ನು ತಿರುಗಿಸಿಕೊಂಡು ಹೊರಟುಹೋದ.

ಇಳಿದವಳು ಪಟೇಲನ ಮಗಳು ಆಂಜಿನಮ್ಮ. ಹೋದ ವರ್ಷ ಶ್ರೀನಿವಾಸಪುರದ ಕಡೆಗೆ ಕೊಟ್ಟಿದ್ದರು. ಸೆರಗನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡು ನಡುಮನೆಗೆ ಬಂದು ಕೂತಳು. ತಾಯಿ ದೊಡ್ಡಮುನಿಯಮ್ಮ ಸೆರಗು ಎಳೆದಾಗ ಅದು ಗಾಯಕ್ಕೆ ಅಂಟಿಕೊಂಡಿತ್ತು. ಬಿಡಿಸುವಾಗ ಚರ್ಮವೂ ಕಿತ್ತುಬಂತು. ಕುತ್ತಿಗೆಯ ಹಿಂದೆ ಕುಡುಗೋಲಿನ ಅಗಲಕ್ಕೆ ಸುಟ್ಟಿತ್ತು.

"ಅಲ್ಲೂ ಬಿದ್ದೆಯೇನೇ?" ಎಂದಳು ತಾಯಿ.

"ಬಿದ್ದೆ."

"ಯಾರ ಮುಂದೆ?"

"ನೆಂಟರು ಊಟಕ್ಕೆ ಕೂತಿದ್ರು. ಸಾರಿನ ಪಾತ್ರೆ ಹಿಡ್ಕೊಂಡೇ ಬಿದ್ದೆ."

ದೊಡ್ಡಮುನಿಯಮ್ಮ ಹಣೆ ಚಚ್ಚಿಕೊಂಡಳು. ಗಾಯಕ್ಕಿಂತ ನೆಂಟರು ನೋಡಿದ್ದೇ ಅವಳಿಗೆ ದೊಡ್ಡದಾಗಿತ್ತು. ಮಗಳಿಗೆ ಚಿಕ್ಕಂದಿನಿಂದ ಈ ಕಾಯಿಲೆ. ಇದ್ದಕ್ಕಿದ್ದಂತೆ ಕಣ್ಣು ಮೇಲಾಗಿ, ಹಲ್ಲು ಕಚ್ಚಿಕೊಂಡು, ಕೈಕಾಲು ಒದರುತ್ತ ಬೀಳುತ್ತಿದ್ದಳು. ಬಾಯಲ್ಲಿ ನೊರೆ ಬರುತ್ತಿತ್ತು. ಊರಿನವರು ಅದನ್ನು ತೆಲುಗಿನಲ್ಲಿ ಕಾಕಿಸೊಮ್ಮ ಎನ್ನುತ್ತಿದ್ದರು, ಮೈಮೇಲೆ ಬರುವ ಗಾಳಿ ಎನ್ನುತ್ತಿದ್ದರು; ಕಾದ ಕುಡುಗೋಲಿನಿಂದ ಬರೆ ಹಾಕಿದರೆ ಅದು ಬಿಟ್ಟುಹೋಗುತ್ತದೆಂದು ನಂಬಿದ್ದರು. ಮದುವೆ ಮಾತಿನ ವೇಳೆ ಮನೆಯವರು ಅದನ್ನು ಮುಚ್ಚಿಟ್ಟಿದ್ದರು.

ಸುದ್ದಿ ಕೇಳಿ ಹೊಲದಿಂದ ಬಂದ ಅಣ್ಣ ಕದಿರಪ್ಪ ತಂಗಿಯ ಕುತ್ತಿಗೆಯನ್ನು ಒಮ್ಮೆ ನೋಡಿದ. ದೊಣ್ಣೆ ತೆಗೆದುಕೊಂಡು ಶ್ರೀನಿವಾಸಪುರದ ದಾರಿ ಹಿಡಿದ. ಮರುದಿನ ಮಧ್ಯಾಹ್ನ ವಾಪಸು ಬಂದಾಗ ಅಂಗಿಯ ಮೇಲೆ ರಕ್ತ ಒಣಗಿತ್ತು.

"ಚನ್ನರಾಯಪ್ಪನ ಕೈ ಮುರಿದು ಬಂದೆ," ಎಂದ. ಚನ್ನರಾಯಪ್ಪ ಆಂಜಿನಮ್ಮನ ಗಂಡ. "ಅಡ್ಡ ಬಂದ ಅವರಪ್ಪನಿಗೂ ಎರಡು ಬಿತ್ತು. ಮುದ್ದೆ ಹಾಕು."

ಹೆಂಡತಿ ಶಾಮಲಮ್ಮ ತಟ್ಟೆ ಇಟ್ಟಳು. ಮಾಲೂರು ತಾಲ್ಲೂಕಿನ ಮಾಸ್ತಿಯ ಕಡೆಯವಳು, ಮಾತು ಕಡಿಮೆ. ಗಂಡ ಉಂಡು ಎದ್ದ ಮೇಲೆ ಹಿತ್ತಲ ಬಾಗಿಲಿನ ಹತ್ತಿರ ಬೇರೆಯಾಗಿ ಇಟ್ಟಿದ್ದ ಸೊಟ್ಟ ತಟ್ಟೆಯನ್ನು ನೋಡಿದಳು. ಅದು ಆಂಜಿನಮ್ಮನದು. ಅದನ್ನು ಮನೆಯ ಪಾತ್ರೆಗಳ ಜೊತೆ ತೊಳೆಯುವ ಹಾಗಿರಲಿಲ್ಲ.

"ಅತ್ತೆ, ಅವಳ ತಟ್ಟೆ ಯಾಕೆ ಬೇರೆ?"

"ನೊರೆ ತಗುಲಿದ್ರೆ ಅಂಟ್ಕೊಳುತ್ತೆ ಕಣೇ."

"ಇಷ್ಟು ವರ್ಷ ಅವಳ ಬಾಯಿ ಒರೆಸಿದೋರು ನೀವೇ ಅಲ್ವಾ. ನಿಮಗೆ ಅಂಟಿತಾ?"

"ಬಂದು ಮೂರು ವರ್ಷ ಆಗಿಲ್ಲ, ನನಗೇ ಹೇಳೋಕೆ ಬರ್ತೀಯಾ? ಹೋಗು, ದನಕ್ಕೆ ನೀರಿಡು."

ಶಾಮಲಮ್ಮ ನೀರಿಟ್ಟು ಬಂದು, ಆ ಸೊಟ್ಟ ತಟ್ಟೆಯಲ್ಲೇ ತಾನೂ ಮುದ್ದೆ ಹಾಕಿಕೊಂಡು ನಾದಿನಿಯ ಪಕ್ಕ ಕೂತು ಉಂಡಳು. ಅತ್ತೆ ಅದನ್ನು ನೋಡಿ ಅಂದು ರಾತ್ರಿ ಊಟ ಬಿಟ್ಟಳು.

ಎಂಟು ದಿನ ಕಳೆದ ಮೇಲೆ ಗಂಡನ ಕಡೆಯವರು ಹಿರಿಯರನ್ನು ಕರೆದುಕೊಂಡು ಬಂದರು. ಪಟೇಲನ ಕಣದಲ್ಲೇ ಪಂಚಾಯಿತಿ ಸೇರಿತು. ಚನ್ನರಾಯಪ್ಪ ಮುರಿದ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಕೂತಿದ್ದ.

"ಕಾಯಿಲೆ ಮುಚ್ಚಿಟ್ಟು ಹೆಣ್ಣು ಕೊಟ್ರು. ಈಗ ಕೈ ಮುರಿದ್ರು. ಇದಕ್ಕೇನಂತೀರಿ?"

ಕೋದಂಡರಾಮಪ್ಪ ರುಮಾಲು ಸರಿಮಾಡಿಕೊಂಡ. "ನಮ್ಮ ಮನೇಲಿದ್ದಾಗ ಹುಡುಗಿ ಮೈಮೇಲೆ ಒಂದು ಗೀಟು ಇರಲಿಲ್ಲ. ನೀವು ಸುಟ್ಟು ಕಳಿಸಿದೀರಿ."

ಹಿರಿಯರು ಸೂಲಗಿತ್ತಿ ವೆಂಕಟರತ್ನಮ್ಮನನ್ನು ಒಳಗೆ ಕಳಿಸಿದರು. ಮುದುಕಿ ನೋಡಿಕೊಂಡು ಹೊರಗೆ ಬಂದಳು.

"ಕುತ್ತಿಗೆ ಮೇಲೆ ಹಸಿ ಗಾಯ ಐತೆ. ಅಂಗಾಲಲ್ಲಿ, ಮೊಣಕಾಲಿನ ಹಿಂದೆ ಹಳೇವೂ ಅವೆ."

"ಹಳೇವು ಯಾರು ಹಾಕಿದ್ದು?" ಎಂದರು ಹಿರಿಯರು.

ಮುದುಕಿ ಪಟೇಲನ ಕಡೆ ನೋಡಿದಳು. ಬಾಗಿಲಲ್ಲಿ ಬಂದು ನಿಂತಿದ್ದ ಆಂಜಿನಮ್ಮ ಹೇಳಿದಳು: "ಕುತ್ತಿಗೇದು ಅವರದು. ಅಂಗಾಲಿಂದು ಇಲ್ಲೀದು."

"ನೋರು ಮುಯ್ಯಿ," ಬಾಯಿ ಮುಚ್ಚು ಎಂದು ತಂದೆ ತೆಲುಗಿನಲ್ಲಿ ಗದರಿದ.

"ಪೂಜಾರಿ ಮುನಿರಾಮಪ್ಪ ಹಾಕಿದ್ದು. ಅಣ್ಣ ಕಾಲು ಹಿಡ್ಕೊಂಡಿದ್ದ. ಅಪ್ಪ ಬಾಗಿಲಲ್ಲಿ ನಿಂತಿದ್ದ."

ಚನ್ನರಾಯಪ್ಪನ ಕಡೆಯ ಒಬ್ಬ ಜೋರಾಗಿ ನಕ್ಕ. ಕದಿರಪ್ಪ ಎದ್ದು ಆ ನಗುವ ಬಾಯಿಗೆ ಗುದ್ದಿದ. ಅಲ್ಲಿಗೆ ಪಂಚಾಯಿತಿ ಮುಗಿಯಿತು. ರಾಗಿ ಬಡಿಯುವ ಕೋಲುಗಳೇ ಎರಡು ಕಡೆಯವರ ಕೈಗೂ ಬಂದವು. ಹಿರಿಯರು ಹುಲ್ಲು ಮೆದೆಯ ಹಿಂದೆ ಓಡಿದರು. ಹೊಡೆದಾಟ ನಿಂತಾಗ ಕಣದ ತುಂಬ ರಾಗಿಯ ಮೇಲೆ ರಕ್ತ ಬಿದ್ದಿತ್ತು. ಅಷ್ಟು ರಾಗಿಯನ್ನು ಆಮೇಲೆ ಯಾರೂ ತಿನ್ನಲಿಲ್ಲ, ಕೋಳಿಗೆ ಹಾಕಿದರು.

ಬಂದವರು ಹೋದ ಮೇಲೆ ಕದಿರಪ್ಪ ಒಳಗೆ ಬಂದು ತಂಗಿಯ ಜಡೆ ಹಿಡಿದು ಎಳೆದ.

"ಊರ ಮುಂದೆ ಅಪ್ಪನ ಮರ್ಯಾದೆ ಕಳೀತೀಯಾ?"

ಮೊದಲ ಏಟಿಗೆ ಅವಳ ತುಟಿ ಒಡೆಯಿತು. ಎರಡನೆಯದಕ್ಕೆ ಶಾಮಲಮ್ಮ ನಡುವೆ ಬಂದಳು. ಕದಿರಪ್ಪ ಹೆಂಡತಿಯನ್ನು ಎತ್ತಿ ಒಗೆದ. ಅವಳು ಒರಳಿನ ಮೇಲೆ ಬಿದ್ದಳು, ಮಣಿಕಟ್ಟಿನ ಮೂಳೆ ಮುರಿದ ಸದ್ದು ಹಿತ್ತಲಿಗೂ ಕೇಳಿಸಿತು.

ಕೋದಂಡರಾಮಪ್ಪ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದವನು ಅಲ್ಲಿಂದಲೇ ಹೇಳಿದ: "ಸಾಕು ಬಿಡೋ. ಸತ್ತುಗಿತ್ತಾರು."

ನಾಟಿ ವೈದ್ಯ ಬಿದಿರು ದಬ್ಬೆ ಕಟ್ಟಿದರೂ ಶಾಮಲಮ್ಮನ ಕೈ ಊದುತ್ತಲೇ ಹೋಯಿತು. ಸೊಸೆ ಕೈಲಾಗದೆ ಕೂತರೆ ಬೀಸುವವರು, ಹಾಲು ಕರೆಯುವವರು ಯಾರು ಎಂದು ದೊಡ್ಡಮುನಿಯಮ್ಮನೇ ಗೊಣಗಿ, ಕೋಲಾರದ ಆಸ್ಪತ್ರೆಗೆ ಕಳಿಸಲು ಒಪ್ಪಿದಳು.

"ಒಬ್ಬಳೇ ಹೆಂಗೆ ಹೋಗಲಿ? ಆಂಜಿನಮ್ಮ ಜೊತೆಗೆ ಬರಲಿ," ಎಂದಳು ಶಾಮಲಮ್ಮ.

ಆಸ್ಪತ್ರೆಯ ಪಡಸಾಲೆಯಲ್ಲಿ ಸರದಿಗೆ ಕೂತಿದ್ದಾಗ ಆಂಜಿನಮ್ಮ ಬಿದ್ದಳು. ಜನ ದೂರ ಸರಿದರು. ಯಾರೋ ಚಪ್ಪಲಿ ಮೂಸಿಸಿ ಎಂದರು, ಇನ್ಯಾರೋ ಕಬ್ಬಿಣದ ಬೀಗದ ಕೈ ತಂದರು. ಒಳಗಿನಿಂದ ಬಂದ ಡಾಕ್ಟರಮ್ಮ ಬೀಗದ ಕೈಯನ್ನು ಆಚೆ ತಳ್ಳಿ, ಬಿದ್ದವಳನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿ, ತಲೆಯ ಕೆಳಗೆ ತನ್ನ ಕೈಯಿಟ್ಟು ಕೂತರು. ಮತ್ತೇನೂ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಮೈ ಸಡಿಲವಾಗಿ ಆಂಜಿನಮ್ಮ ನಿದ್ದೆಹೋದಳು. ಬಿದ್ದು ಎದ್ದಾಗ ಮೈಮೇಲೆ ಹೊಸ ಗಾಯವಿಲ್ಲದೆ ಇದ್ದದ್ದು ಅದೇ ಮೊದಲು.

ಎಚ್ಚರವಾದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕೂಡಿಸಿಕೊಂಡರು.

"ಇದು ತಲೆಯೊಳಗಿನ ಕಾಯಿಲೆ. ದೆವ್ವ ಅಲ್ಲ, ಗಾಳಿ ಅಲ್ಲ. ಅಂಟೋದೂ ಇಲ್ಲ."

"ಬರೆ ಹಾಕಿದ್ರೆ ಎದ್ದು ಕೂರ್ತಾಳೆ ಅಂತಾರಲ್ಲ?" ಎಂದಳು ಶಾಮಲಮ್ಮ.

"ಹಾಕದಿದ್ರೂ ಏಳ್ತಾಳೆ. ಈಗ ನೋಡಿದಿರಲ್ಲ. ಜ್ವರ ಬಂದೋರನ್ನ ಹೊಡೆದು ಜ್ವರ ಇಳಿಸ್ತೀರಾ?"

ಸೀಸೆಯಲ್ಲಿ ಔಷಧಿ ಕೊಟ್ಟರು. ಉಪ್ಪುಪ್ಪಾದ ನೀರು. ದಿನವೂ ಕುಡಿಯಬೇಕು, ಮುಗಿಯುವ ಮೊದಲೇ ಬಂದು ಮತ್ತೆ ಒಯ್ಯಬೇಕು, ತಟ್ಟನೆ ನಿಲ್ಲಿಸಿದರೆ ಒಂದರ ಹಿಂದೆ ಒಂದು ಬಂದು ಜೀವಕ್ಕೇ ಅಪಾಯ ಎಂದರು.

"ನಮ್ಮ ತಾಲ್ಲೂಕಲ್ಲಿ ಸಿಗಲ್ವಾ? ಪ್ರತಿಸಲ ಇಷ್ಟು ದೂರ ಬಿಡೋದಿಲ್ಲ," ಎಂದಳು ಆಂಜಿನಮ್ಮ.

"ಸಣ್ಣ ಆಸ್ಪತ್ರೆಗಳಲ್ಲಿ ಇಡೋದಿಲ್ಲಮ್ಮ. ಈ ಕಾಯಿಲೆಗೆ ಔಷಧಿ ಬೇಕು ಅಂತ ಯಾರೂ ಕೇಳೋದಿಲ್ಲ. ಎಲ್ಲಾರೂ ಮುಚ್ಚಿಡ್ತಾರೆ."

"ಕೇಳಿದ್ರೆ ಇಡ್ತಾರಾ?"

"ಒಬ್ಬರು ಕೇಳಿದ್ರೆ ಇಡೋದಿಲ್ಲ. ಹತ್ತು ಜನ ಸರ್ಕಾರದವರ ಮುಂದೆ ಕೇಳಿದ್ರೆ ಇಡಲೇಬೇಕು."

ಮುಳಬಾಗಲಿಗೆ ಬರುವ ಬಸ್ಸಿನಲ್ಲಿ ಆಂಜಿನಮ್ಮ ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಇಳಿದ ಮೇಲೆ ಒಂದೇ ಮಾತು ಕೇಳಿದಳು. "ಅತ್ತಿಗೆ, ಹಂಗಾದ್ರೆ ಇಷ್ಟು ದಿನ ಸುಟ್ಟಿದ್ದೆಲ್ಲಾ ಸುಮ್ಸುಮ್ನೆನಾ?"

ಶಾಮಲಮ್ಮ ಸೀಸೆಯನ್ನು ಇಸಿದುಕೊಂಡು ತನ್ನ ಸೆರಗಿನಡಿ ಮುಚ್ಚಿಟ್ಟುಕೊಂಡಳು.

ಸೀಸೆಯನ್ನು ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಬಚ್ಚಿಟ್ಟರು. ಅದು ಮುಗಿದಾಗ ಕೈಯ ಕಟ್ಟು ಬಿಚ್ಚಿಸುವ ನೆಪ ಹೇಳಿ ಇನ್ನೊಂದು ತಂದರು. ಶಿವರಾತ್ರಿ ಕಳೆಯಿತು, ಯುಗಾದಿ ಬಂತು. ಆಂಜಿನಮ್ಮ ಒಲೆಯ ಮುಂದೆ ಕೂತು ಒಬ್ಬಳೇ ಮುದ್ದೆ ತಿರುವಿದಳು, ಬಾವಿಯಿಂದ ನೀರು ಸೇದಿದಳು. ಒಮ್ಮೆಯೂ ಬೀಳಲಿಲ್ಲ. ದೊಡ್ಡಮುನಿಯಮ್ಮ ಇದನ್ನು ತನ್ನ ಹರಕೆಯ ಫಲ ಎಂದುಕೊಂಡಳು. ಹಬ್ಬದ ನಂತರ ವಾಡೆಯ ಹಿಂದೆ ಗುಡಿಸುವಾಗ ಸೀಸೆ ಅವಳ ಕೈಗೆ ಸಿಕ್ಕಿತು.

"ಇದೇನೇ?"

"ಕಾಯಿಲೆಗೆ ಔಷಧಿ ಅತ್ತೆ. ಅದರಿಂದಲೇ ಅವಳು ಬೀಳ್ತಿಲ್ಲ."

"ಮೈಮೇಲಿರೋದಕ್ಕೆ ಸೀಸೆ ನೀರು ಕುಡಿಸಿ ಕೆಣಕ್ತೀರಾ? ಮನೆ ಉಳಿಯುತ್ತಾ?"

"ಅತ್ತೆ, ನಿಲ್ಲಿಸಿದ್ರೆ ಪ್ರಾಣ ಹೋಗುತ್ತೆ ಅಂದವ್ರೆ."

ಅತ್ತೆ ಮಾತು ಮುಗಿಯಲು ಬಿಡದೆ ಹಿತ್ತಲಿಗೆ ಹೋಗಿ ಔಷಧಿಯನ್ನು ತಿಪ್ಪೆಗೆ ಸುರಿದು, ಸೀಸೆಯನ್ನು ಕಲ್ಲಿಗೆ ಬಡಿದಳು. ಅಂದಿನಿಂದ ಸೊಸೆ ಮತ್ತು ಮಗಳು ಹೊಸಿಲು ದಾಟದಂತೆ ಕದಿರಪ್ಪ ಕಾವಲಿದ್ದ.

ಎರಡು ವಾರ ಕಳೆಯುವುದರೊಳಗೆ ಅದು ತಿರುಗಿ ಬಂತು. ಬೆಳಗ್ಗೆ ರಾಗಿ ಬೀಸುತ್ತಿದ್ದವಳು ಬೀಸುಕಲ್ಲಿನ ಮೇಲೆಯೇ ಬಿದ್ದಳು. ಹಣೆ ಒಡೆಯಿತು. ಒಂದು ನಿಂತಿತು ಎನ್ನುವಷ್ಟರಲ್ಲಿ ಇನ್ನೊಂದು ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಮುಖ ನೀಲಿಯಾಗಿತ್ತು. ಕೋದಂಡರಾಮಪ್ಪ ಕಂದಾಯದ ಕೆಲಸಕ್ಕೆ ಮುಳಬಾಗಲಿಗೆ ಹೋಗಿದ್ದ. ಕದಿರಪ್ಪ ಓಡಿಹೋಗಿ ಮುನಿರಾಮಪ್ಪನನ್ನು ಕರೆತಂದ.

ಪೂಜಾರಿ ಒಲೆಯೊಳಗೆ ಎರಡು ಕುಡುಗೋಲು ಇಟ್ಟ. ಶಾಮಲಮ್ಮ ಅಡ್ಡ ಬರುತ್ತಾಳೆಂದು ಕದಿರಪ್ಪ ಅವಳನ್ನು ದನದ ಕೊಟ್ಟಿಗೆಗೆ ನೂಕಿ ಅಗಳಿ ಹಾಕಿದ. ಮೊದಲ ಕುಡುಗೋಲು ಆಂಜಿನಮ್ಮನ ಮೀನಖಂಡದ ಮೇಲೆ ಕೂತಿತು. ಚರ್ಮ ಸುಟ್ಟ ವಾಸನೆ ಕೊಟ್ಟಿಗೆಯವರೆಗೂ ಬಂತು. ಪ್ರಜ್ಞೆಯಿಲ್ಲದವಳು ಕೂಗಲೂ ಇಲ್ಲ.

"ಬಲವಾದ್ದು ಹಿಡಿದೈತೆ. ಹಣೆಗೆ ಹಾಕಬೇಕು," ಎಂದು ಮುನಿರಾಮಪ್ಪ ಎರಡನೆಯದನ್ನು ಒಲೆಯಿಂದ ಎಳೆದ.

ಅಷ್ಟರಲ್ಲಿ ಶಾಮಲಮ್ಮ ಕೊಟ್ಟಿಗೆಯ ಹಿಂದಿನ ತಡಿಕೆ ಕಿತ್ತು ಹೊರಬಿದ್ದಿದ್ದಳು. ಹಿತ್ತಲಲ್ಲಿದ್ದ ಒನಕೆ ಎತ್ತಿಕೊಂಡು ನಡುಮನೆಗೆ ನುಗ್ಗಿದವಳು ಮುನಿರಾಮಪ್ಪನ ತೋಳಿಗೆ ಬೀಸಿದಳು. ಅವನು ಅರಚುತ್ತ ಕುಸಿದ. ಹಿಡಿಯಲು ಬಂದ ಗಂಡನ ಮಂಡಿಗೆ ಇನ್ನೊಂದು ಏಟು ಬಿತ್ತು. ಕಾದ ಕುಡುಗೋಲು ಹಾರಿ ಆಂಜಿನಮ್ಮನ ಕೂದಲಿನ ಹತ್ತಿರ ಬಿತ್ತು. ಕೂದಲು ಚಟಪಟ ಎನ್ನುತ್ತಿದ್ದಂತೆ ದೊಡ್ಡಮುನಿಯಮ್ಮ ಏನೂ ಯೋಚಿಸದೆ ಬರಿಗೈಯಲ್ಲಿ ಅದನ್ನು ಎತ್ತಿ ಆಚೆ ಎಸೆದಳು.

ಎಸೆದ ಮೇಲೆ ಕೈ ನೋಡಿಕೊಂಡಳು. ಅಂಗೈಯ ಚರ್ಮ ಬಿಳಿಚಿ ಸುಲಿದಿತ್ತು. ಗೋಡೆಗೆ ಒರಗಿ ಕೂತು ಹೇಳಿದಳು: "ಇಷ್ಟು ಸುಡುತ್ತಾ ಇದು."

"ಮುಟ್ಟಿ ಬಿಟ್ಟಿದ್ದಕ್ಕೇ ಇಷ್ಟು, ಅತ್ತೆ. ಅವಳಿಗೆ ಒತ್ತಿ ಹಿಡಿದ್ರಿ."

ಶಾಮಲಮ್ಮ ಒನಕೆ ಬಿಡದೆ ನಾದಿನಿಯನ್ನು ಪಕ್ಕಕ್ಕೆ ತಿರುಗಿಸಿ ಕೂತಳು. ಸಂಜೆಗೆ ಆಂಜಿನಮ್ಮನ ಉಸಿರು ಸರಿಯಾಯಿತು. ಬದುಕಿದಳು.

ಮುಳಬಾಗಲಿಂದ ಬಂದ ಕೋದಂಡರಾಮಪ್ಪ ಎಲ್ಲವನ್ನೂ ಕೇಳಿ ಬಾಗಿಲು ಹಾಕಿಸಿದ. "ಯಾರೂ ಬಾಯಿ ಬಿಡಬಾರದು. ಮುನಿರಾಮಪ್ಪ ಮರದಿಂದ ಬಿದ್ದ ಅಂತ ಹೇಳಿ."

"ನಾಳೆಯಿಂದ ಔಷಧಿ ತರಿಸ್ತೀರಾ?" ಎಂದಳು ದೊಡ್ಡಮುನಿಯಮ್ಮ, ಸುಟ್ಟ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ.

ಗಂಡ ಅವಳನ್ನು ಅಚ್ಚರಿಯಿಂದ ನೋಡಿದ. "ನಿನಗೇನಾಯ್ತೇ?"

"ತರಿಸ್ತೀರೋ ಇಲ್ವೋ?"

"ಪಟೇಲನ ಮಗಳಿಗೆ ಕಾಕಿಸೊಮ್ಮ ಅಂತ ಕೋಲಾರದವರೆಗೂ ಡಂಗುರ ಹೊಡಿಸ್ಲಾ?"

ಅವಳು ಎದ್ದು, ಪೆಟ್ಟಿಗೆಯಿಂದ ತನ್ನ ಕಾಲಿನ ಬೆಳ್ಳಿ ಕಡಗ ತೆಗೆದು ಸೊಸೆಯ ಕೈಗಿಟ್ಟಳು. "ನೀನು ಹೋಗಿ ತಗೊಂಬಾ." ಕದಿರಪ್ಪ ಬಾಗಿಲಿಗೆ ಅಡ್ಡ ನಿಂತಾಗ ತಾಯಿಯೇ ಅವನ ಎದೆಗೆ ಕೈಯಿಟ್ಟು ತಳ್ಳಿದಳು. ಮಂಡಿ ಊದಿದ್ದ ಅವನು ಪಕ್ಕಕ್ಕೆ ಸರಿದ.

ಬೇಸಗೆಯಲ್ಲಿ ತಾಲ್ಲೂಕಿನ ಅಮಲ್ದಾರರು ವರ್ಷದ ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ಬಂದರು. ಚಾವಡಿಯಲ್ಲಿ ಮೇಜು ಹಾಕಿ, ಸುತ್ತಲ ಹಳ್ಳಿಗಳ ಜನ ಸೇರಿ, ಕೆರೆ ತೂಬು, ದಾರಿ, ಗೋಮಾಳ ಎಂದು ಒಬ್ಬೊಬ್ಬರೇ ಹೇಳಿಕೊಂಡರು. ಕೋದಂಡರಾಮಪ್ಪ ಅಮಲ್ದಾರರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಗಂಡಸರ ಸಾಲು ಮುಗಿಯುವ ಹೊತ್ತಿಗೆ ಆಂಜಿನಮ್ಮ ಮೆಟ್ಟಿಲು ಹತ್ತಿದಳು. ಹಿಂದೆ ಶಾಮಲಮ್ಮ ಇದ್ದಳು.

"ನೀನ್ಯಾಕೆ ಬಂದೆ, ಮನೆಗೆ ನಡಿ," ಎಂದ ತಂದೆ ಮೆಲ್ಲಗೆ.

"ಹೇಳಲಿ ಪಟೇಲರೇ," ಎಂದರು ಅಮಲ್ದಾರರು.

"ನನಗೆ ಮೂರ್ಛೆ ಕಾಯಿಲೆ ಐತೆ ಸ್ವಾಮಿ," ಎಂದಳು ಆಂಜಿನಮ್ಮ. ಜನರಲ್ಲಿ ಗುಸುಗುಸು ಎದ್ದಿತು. "ಅದಕ್ಕೆ ಔಷಧಿ ಐತೆ. ಕೋಲಾರಕ್ಕೆ ಹೋಗಬೇಕು. ನಮ್ಮ ತಾಲ್ಲೂಕಿನ ಆಸ್ಪತ್ರೇಲೂ ಅದನ್ನ ಇಡಿಸಬೇಕು. ಇದು ದೆವ್ವ ಅಲ್ಲ ಅಂತ ಊರೂರಲ್ಲಿ ಸರ್ಕಾರದಿಂದ ಸಾರಿಸಬೇಕು. ಬರೆ ಹಾಕೋರನ್ನ ಹಿಡೀಬೇಕು."

ಕೆಲವರು ನಕ್ಕರು. ಅಮಲ್ದಾರರು ನಗಲಿಲ್ಲ, ಆದರೆ ಕಾಗದಗಳನ್ನು ಮಡಚಲು ಶುರುಮಾಡಿದ್ದರು.

"ಔಷಧಿ ವಿಷಯ ಬರೆದುಕೊಳ್ಳೋಣ. ಸುಡೋದಕ್ಕೆ ಹೊಸ ಕಾನೂನು ಬೇಕಿಲ್ಲಮ್ಮ, ಇರೋ ಕಾನೂನಲ್ಲೇ ಅದು ಅಪರಾಧ. ದೂರು ಕೊಡೋರಿಲ್ಲ ಅಷ್ಟೆ. ಊರಲ್ಲಿ ಅಂಥದ್ದು ನಡೆದರೆ ಪಟೇಲರಿಗೆ ಹೇಳು, ಅವರು ವರದಿ ಮಾಡ್ತಾರೆ."

"ಪಟೇಲರ ಮನೇಲೇ ನಡೆದದ್ದು ಸ್ವಾಮಿ. ನಾನು ಅವರ ಮಗಳು."

ಕೋದಂಡರಾಮಪ್ಪ ಕಟ್ಟಿದ್ದ ಕೈ ಬಿಚ್ಚಿದ. ಅಮಲ್ದಾರರ ಎದುರಿಗೇ ಮಗಳ ಕೆನ್ನೆಗೆ ಬಾರಿಸಿದ. ಅವಳು ಮೆಟ್ಟಿಲ ಮೇಲಿಂದ ಉರುಳಿ ಜನರ ಕಾಲ ಬಳಿ ಬಿದ್ದಳು. ಮೂಗಿನಿಂದ ರಕ್ತ ಇಳಿಯಿತು. ಶಾಮಲಮ್ಮ ಹಿಡಿದೆತ್ತಿದಾಗ ಆಂಜಿನಮ್ಮ ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ ಮೀನಖಂಡದ ಗಾಯ ತೋರಿಸಿದಳು. ಅದಿನ್ನೂ ಪೂರ್ತಿ ಮಾಗಿರಲಿಲ್ಲ.

"ದೂರು ಕೊಡ್ತಿದೀನಿ, ಬರ್ಕೊಳಿ. ಪೂಜಾರಿ ಮುನಿರಾಮಪ್ಪ. ನಮ್ಮಣ್ಣ ಕದಿರಪ್ಪ. ಮುಚ್ಚಿಟ್ಟೋರು ಪಟೇಲರು. ಕುತ್ತಿಗೆ ಸುಟ್ಟೋನು ನನ್ನ ಗಂಡ ಚನ್ನರಾಯಪ್ಪ."

ಯಾರೂ ನಗಲಿಲ್ಲ. ಜನರ ನಡುವಿನಿಂದ ಒಬ್ಬ ನಡುವಯಸ್ಸಿನ ಕುಂಬಾರ ಮುಂದೆ ಬಂದು ರುಮಾಲು ತೆಗೆದ. ನೆತ್ತಿಯ ಮೇಲೆ ಕೂದಲು ಬೆಳೆಯದ ಉದ್ದನೆಯ ಕಲೆಯಿತ್ತು.

"ನನಗೂ ಹಾಕವ್ರೆ ಸ್ವಾಮಿ," ಎಂದ. ಹೆಂಡತಿಗೂ ತಿಳಿಯದಂತೆ ಅವನು ಆ ಕಲೆಯ ಕಾರಣವನ್ನು ಮುಚ್ಚಿಟ್ಟುಕೊಂಡು ಬಂದಿದ್ದ. ಚಾವಡಿಯ ಆಚೆ ನಿಂತಿದ್ದ ಹೆಂಗಸೊಬ್ಬಳು ತನ್ನ ಮಗಳು ಬರೆಯ ಗಾಯ ಕೊಳೆತು ಸತ್ತಳೆಂದು ಹೇಳಿ ಅಳತೊಡಗಿದಳು. ಇನ್ನೊಬ್ಬ ಬರೆ ತಿಂದ ತನ್ನ ತಮ್ಮನ ಹೆಸರು ಹೇಳಿದ. ಅಮಲ್ದಾರರು ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದರು.

ಕೇಸು ನಡೆಯಿತು. ಸಾಕ್ಷಿ ಹೇಳಲು ಶಾಮಲಮ್ಮ ಹೋದಳು, ದೊಡ್ಡಮುನಿಯಮ್ಮನೂ ಹೋದಳು. ಗಂಡನ ವಿರುದ್ಧ, ಹೆತ್ತ ಮಗನ ವಿರುದ್ಧ ಕೋರ್ಟಿನಲ್ಲಿ ನಿಂತವರೆಂದು ನೆಂಟರು ಹೊಕ್ಕುಬಳಕೆ ನಿಲ್ಲಿಸಿದರು. ಒಂದು ದಿನ ಯಾರೋ ಅವರ ಹುಲ್ಲಿನ ಮೆದೆಗೆ ಬೆಂಕಿಯಿಟ್ಟರು. ಮುನಿರಾಮಪ್ಪ, ಕದಿರಪ್ಪ, ಚನ್ನರಾಯಪ್ಪ ಮೂವರಿಗೂ ಜೈಲಾಯಿತು. ಕೋದಂಡರಾಮಪ್ಪನ ಪಟೇಲಿಕೆ ಹೋಯಿತು. ಆ ವರ್ಷ ಹೊಲದಲ್ಲಿ ಶಾಮಲಮ್ಮನೇ ನೇಗಿಲು ಹಿಡಿದಳು, ಆಂಜಿನಮ್ಮ ಹಿಂದೆ ಬಿತ್ತಿದಳು.

ಜೈಲಿಂದ ಬಂದ ದಿನ ಕದಿರಪ್ಪ ತಟ್ಟೆಯ ಮುಂದೆ ಕೂತ. ಶಾಮಲಮ್ಮ ಮುದ್ದೆ ಹಾಕಿ, ಸಾರು ಬಡಿಸಿ, ಎದುರಿಗೇ ಕೂತಳು.

"ಈ ಮನೇಲಿ ಇನ್ನೊಂದ್ಸಲ ಯಾರ ಮೇಲಾದ್ರೂ ಕೈಯೆತ್ತಿದ್ರೆ ನಾನೇ ಹೋಗಿ ದೂರು ಕೊಡ್ತೀನಿ."

ಕದಿರಪ್ಪ ಮುದ್ದೆ ಮುರಿದ. "ಉಪ್ಪು ಕಮ್ಮಿ," ಎಂದ. ಅವಳು ಉಪ್ಪು ತಂದಿಟ್ಟಳು.

ತಾಲ್ಲೂಕಿನ ಆಸ್ಪತ್ರೆಗೆ ಔಷಧಿ ಬರಲು ಇನ್ನೂ ಎರಡು ಜಮಾಬಂದಿ ಕಳೆಯಬೇಕಾಯಿತು. ಪ್ರತಿ ಸಲವೂ ಆಂಜಿನಮ್ಮ ಜನರನ್ನು ಸೇರಿಸಿಕೊಂಡು ಹೋಗಿ ಕೇಳಿದಳು. ಸೇರಿಸಲೆಂದೇ ಸಂತೆಗಳಿಗೆ ಹೋಗಿ ಗಾಡಿಯ ಮೇಲೆ ನಿಂತು ಮಾತಾಡುವುದು ಶುರುವಾಯಿತು. ಅವಳಿಗೆ ಕಾಯಿಲೆ ಪೂರ್ತಿ ಹೋಗಿರಲಿಲ್ಲ, ವರ್ಷಕ್ಕೊಮ್ಮೆಯೋ ಎರಡು ಸಲವೋ ಬೀಳುತ್ತಿದ್ದಳು. ಅದನ್ನೂ ಹೇಳುತ್ತಿದ್ದಳು. ಗಾಡಿ ಹೊಡೆದುಕೊಂಡು ಬರುತ್ತಿದ್ದವನು ಕೋದಂಡರಾಮಪ್ಪ. ಯಾರೂ ಅವನನ್ನು ಕರೆದಿರಲಿಲ್ಲ. ಒಂದು ದಿನ ಬೆಳಗ್ಗೆ ತಾನಾಗಿಯೇ ಎತ್ತು ಕಟ್ಟಿದ್ದ. ಮಗಳ ಜೊತೆ ಹಳೆಯ ವಿಷಯ ಒಂದನ್ನೂ ಆಡಲಿಲ್ಲ. ಅವಳೂ ಕೇಳಲಿಲ್ಲ.

ವೇಮಗಲ್ಲಿನ ಸಂತೆಯಲ್ಲಿ ಒಂದು ಸಲ, ಮಾತಿನ ನಡುವೆ ಜನರ ಹಿಂದಿನಿಂದ ಕಲ್ಲು ಬಂದು ಅವಳ ಹುಬ್ಬಿಗೆ ಬಡಿಯಿತು. ಕೋದಂಡರಾಮಪ್ಪ ದೊಣ್ಣೆ ಕಿತ್ತುಕೊಂಡು ಗುಂಪಿಗೆ ನುಗ್ಗಿದ. ಎಸೆದವನೊಬ್ಬ ಎಳೆಯ ಹುಡುಗ, ಓಡಲು ಹೋಗಿ ಮೂಟೆಗೆ ಎಡವಿ ಬಿದ್ದಿದ್ದ. ಮುದುಕ ಅವನ ಅಂಗಿ ಹಿಡಿದು ದೊಣ್ಣೆ ಎತ್ತಿದ.

"ಅಪ್ಪಾ, ಹೊಡೀಬೇಡ," ಎಂದಳು ಆಂಜಿನಮ್ಮ ಗಾಡಿಯ ಮೇಲಿಂದ.

ದೊಣ್ಣೆ ಮೇಲೆಯೇ ನಿಂತಿತು. ಸಂತೆಯವರೆಲ್ಲ ನೋಡುತ್ತಿದ್ದರು. ಕೋದಂಡರಾಮಪ್ಪ ಹಲ್ಲು ಕಚ್ಚಿಕೊಂಡಿದ್ದ. ಆಮೇಲೆ ಹುಡುಗನ ಅಂಗಿ ಬಿಟ್ಟು, ದೊಣ್ಣೆಯನ್ನು ನೆಲಕ್ಕೂರಿ, ಅದನ್ನೇ ಹಿಡಿದುಕೊಂಡು ನಿಂತ. ಹುಡುಗ ಎದ್ದು ಓಡಿದ.

ಆಂಜಿನಮ್ಮ ಸೆರಗಿನಿಂದ ಹುಬ್ಬು ಒತ್ತಿಕೊಂಡು, ನಿಲ್ಲಿಸಿದ್ದ ಮಾತನ್ನು ಮುಂದುವರಿಸಿದಳು.